ಪಟ್ಟಿಯಿಂದ ಹೋದದ್ದು ಆಸ್ಪತ್ರೆ, ಪಾಲಿಸಿಯಲ್ಲ

2024ರ ಡಿಸೆಂಬರ್ ತಿಂಗಳ ಒಂದು ಸೋಮವಾರ ಬೆಳಿಗ್ಗೆ ಅಕ್ಕ ಫೋನ್ ಮಾಡಿದಳು. ಬೆಂಗಳೂರಿನ ಒಂದು ದೊಡ್ಡ ಖಾಸಗಿ ಆಸ್ಪತ್ರೆಯ ವಿಮಾ ಕೌಂಟರಿನ ಮುಂದೆ ನಿಂತಿದ್ದಳು. ಭಾವನವರಿಗೆ ಅಂದು ನಾಲ್ಕನೆಯ ಸುತ್ತಿನ ಕಿಮೊಥೆರಪಿ. ಮೊದಲ ಮೂರು ಸುತ್ತುಗಳಲ್ಲೂ ವಿಮಾ ಕಾರ್ಡು ತೋರಿಸಿ, ಎರಡು ಸಹಿ ಹಾಕಿ ಒಳಗೆ ಹೋಗಿದ್ದರು. ಈ ಸಲ ಕೌಂಟರಿನಲ್ಲಿದ್ದ ಹುಡುಗಿ ಕಾರ್ಡನ್ನು ಹಿಂದಿರುಗಿಸಿ, 'ಈ ಕಂಪನಿಯ ಕ್ಯಾಶ್‌ಲೆಸ್ ಒಂದನೇ ತಾರೀಕಿನಿಂದ ನಿಂತಿದೆ, ಎಂಬತ್ತು ಸಾವಿರ ಅಡ್ವಾನ್ಸ್ ಕಟ್ಟಿ' ಎಂದಿದ್ದಳು. 'ಹನ್ನೆರಡು ವರ್ಷ ಕಂತು ಕಟ್ಟಿದ್ದು ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗಾಯಿತಲ್ಲೋ' ಎಂದು ಅಕ್ಕ ಗದ್ಗದಿತಳಾದಳು. ಹಿಂದಿನಿಂದ ಭಾವನವರ ದನಿ ಕೇಳಿಸುತ್ತಿತ್ತು: 'ಬಿಡೇ, ದುಡ್ಡು ಹೊಂದಿಸಿಕೊಂಡು ಮುಂದಿನ ತಿಂಗಳು ಬಂದರಾಯಿತು.'

ನನ್ನನ್ನು ಬೆಚ್ಚಿಬೀಳಿಸಿದ್ದು ಎಂಬತ್ತು ಸಾವಿರವಲ್ಲ, ಭಾವನವರ ಆ ಮಾತು. ಕ್ಯಾನ್ಸರ್ ಚಿಕಿತ್ಸೆಯ ಸುತ್ತು, ನಮ್ಮ ಅನುಕೂಲಕ್ಕೆ ಮುಂದೂಡಬಹುದಾದ ತೀರ್ಥಯಾತ್ರೆಯಲ್ಲ. ಸುತ್ತು ತಪ್ಪಿಸಲೇಬಾರದೆಂದು ವೈದ್ಯರು ಖಂಡಿತವಾಗಿ ಹೇಳಿದರು. ನನ್ನದೊಂದು ನಿಶ್ಚಿತ ಠೇವಣಿ ಮುರಿದು, ಮಧ್ಯಾಹ್ನದ ಹೊತ್ತಿಗೆ ಹಣ ಕಟ್ಟಿದೆವು. ಎರಡು ಗಂಟೆಗೆ ಔಷಧಿಯ ಹನಿ ಶುರುವಾಯಿತು. ಅನಂತರವಷ್ಟೇ ನಾನು ಪಾಲಿಸಿಯ ಪುಸ್ತಕವನ್ನು ಮೊದಲ ಬಾರಿಗೆ ಪೂರ್ತಿ ಓದಿದೆ. ಭಾವನವರ ವಿಮೆ ಎಲ್ಲಿಗೂ ಹೋಗಿರಲಿಲ್ಲ. ನಿಂತದ್ದು ಒಂದು ಸೌಲಭ್ಯ ಮಾತ್ರ. ಅದನ್ನು ಹೇಳುವವರು ಆ ಕೌಂಟರಿನಲ್ಲಿ ಯಾರೂ ಇರಲಿಲ್ಲ. ತಿಳಿದುಕೊಂಡಿರಬೇಕಿದ್ದ ನಾವೂ ತಿಳಿದಿರಲಿಲ್ಲ.

ಕ್ಯಾಶ್‌ಲೆಸ್ ಎಂದು ರೂಢಿಯಲ್ಲಿರುವ ನಗದುರಹಿತ ಚಿಕಿತ್ಸೆ ಮೂಲತಃ ವಿಮಾ ಕಂಪನಿ ಮತ್ತು ಆಸ್ಪತ್ರೆಗಳ ನಡುವಿನ ಒಪ್ಪಂದ. ಯಾವ ಚಿಕಿತ್ಸೆಗೆ ಎಷ್ಟು ದರ, ಬಿಲ್ಲನ್ನು ಎಷ್ಟು ದಿನಗಳಲ್ಲಿ ಪಾವತಿಸಬೇಕು ಎಂಬುದನ್ನು ಅವರಿಬ್ಬರೇ ಕುಳಿತು ನಿರ್ಧರಿಸುತ್ತಾರೆ. ರೋಗಿ ಆ ಮೇಜಿನ ಬಳಿ ಇರುವುದಿಲ್ಲ. ದರ ವರ್ಷಗಟ್ಟಲೆ ಪರಿಷ್ಕರಣೆಯಾಗಿಲ್ಲ, ಬಾಕಿ ಬರುತ್ತಿಲ್ಲ ಎಂದು ಆಸ್ಪತ್ರೆ ದೂರುತ್ತದೆ. ವಿಮೆ ಇದೆಯೆಂದು ತಿಳಿದೊಡನೆ ಬಿಲ್ಲು ಊದಿಕೊಳ್ಳುತ್ತದೆ ಎಂದು ಕಂಪನಿ ದೂರುತ್ತದೆ. ಮಾತು ಮುರಿದ ದಿನ ಒಪ್ಪಂದ ಮುರಿಯುತ್ತದೆ. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಗುವುದು ಹೀಗೆಯೇ.

ಇದು ಹೊಸ ಕಾಯಿಲೆಯೇನಲ್ಲ. 2010ರ ಜುಲೈ ತಿಂಗಳಲ್ಲಿ ಸಾರ್ವಜನಿಕ ವಲಯದ ನಾಲ್ಕು ಸಾಮಾನ್ಯ ವಿಮಾ ಕಂಪನಿಗಳು ದೆಹಲಿ, ಮುಂಬೈ, ಬೆಂಗಳೂರು ಮತ್ತು ಚೆನ್ನೈಗಳ ಅನೇಕ ದೊಡ್ಡ ಆಸ್ಪತ್ರೆಗಳಲ್ಲಿ ಈ ಸೌಲಭ್ಯವನ್ನು ಒಮ್ಮೆಲೇ ನಿಲ್ಲಿಸಿದ್ದವು. 2025ರ ಆಗಸ್ಟ್‌ನಲ್ಲಿ ಪೆಟ್ಟು ಇನ್ನೊಂದು ದಿಕ್ಕಿನಿಂದ ಬಂತು. ಆಸ್ಪತ್ರೆಗಳ ಸಂಘಟನೆಯಾದ ಎಎಚ್‌ಪಿಐ, ಬಜಾಜ್ ಅಲಯನ್ಸ್ ಕಂಪನಿಯ ಪಾಲಿಸಿದಾರರಿಗೆ ಸೆಪ್ಟೆಂಬರ್ 1ರಿಂದ ನಗದುರಹಿತ ಸೇವೆ ನಿಲ್ಲಿಸುವಂತೆ ಉತ್ತರ ಭಾರತದ ತನ್ನ ಸದಸ್ಯ ಆಸ್ಪತ್ರೆಗಳಿಗೆ ಸೂಚಿಸಿತ್ತು. ಮಾತುಕತೆಯ ನಂತರ ಆ ವಿವಾದ ತಣ್ಣಗಾಯಿತು. ಆದರೆ ನಡುವಿನ ದಿನಗಳಲ್ಲಿ ಶಸ್ತ್ರಚಿಕಿತ್ಸೆಗೆ ದಿನ ಗೊತ್ತುಮಾಡಿಕೊಂಡಿದ್ದವರ ಆತಂಕವನ್ನು ನಾನು ಊಹಿಸಬಲ್ಲೆ.

ಇಂಥ ಸಂದರ್ಭದಲ್ಲಿ ರೋಗಿಯ ಕಡೆಯವರು ಮೊದಲು ಕೇಳಬೇಕಾದ ಪ್ರಶ್ನೆ ಒಂದಿದೆ: ಆಸ್ಪತ್ರೆ ಕಂಪನಿಯ ಜಾಲದಿಂದ ಹೊರಗೆ ಹೋಗಿದೆಯೋ, ಅಥವಾ ನಿಷೇಧಿತ ಆಸ್ಪತ್ರೆಗಳ ಪಟ್ಟಿಗೆ ಸೇರಿದೆಯೋ? ಎರಡಕ್ಕೂ ಅಜಗಜಾಂತರ. ಕೇವಲ ಜಾಲದಿಂದ ಹೊರಗಿದ್ದರೆ ನಾವೇ ಹಣ ಕಟ್ಟಿ, ಬಳಿಕ ಕಂಪನಿಯಿಂದ ಮರುಪಾವತಿ ಪಡೆಯುವ ಹಕ್ಕು ಸಾಮಾನ್ಯವಾಗಿ ಉಳಿದಿರುತ್ತದೆ. ನಿಷೇಧಿತ ಪಟ್ಟಿಯಲ್ಲಿದ್ದರೆ ಮರುಪಾವತಿಯೂ ಇಲ್ಲ. ಅಪಘಾತ ಅಥವಾ ಪ್ರಾಣಾಪಾಯದ ಸ್ಥಿತಿಯಲ್ಲಿ ಮಾತ್ರ, ರೋಗಿಯ ಸ್ಥಿತಿ ಸ್ಥಿರವಾಗುವವರೆಗಿನ ವೆಚ್ಚವಷ್ಟೇ ಸಿಗುತ್ತದೆ. ಈ ಪಟ್ಟಿ ಕಂಪನಿಯ ಜಾಲತಾಣದಲ್ಲಿರುತ್ತದೆ. ಕೌಂಟರಿನವರ ಬಾಯಿಮಾತನ್ನು ನಂಬದೆ ಅದನ್ನು ನೋಡಬೇಕು. ಕಂಪನಿಗೆ ಇ–ಮೇಲ್ ಬರೆದು ಲಿಖಿತ ಉತ್ತರ ಪಡೆಯಬೇಕು.

ಎರಡನೆಯ ಸಂಗತಿ ಅನೇಕರಿಗೆ ಇಂದಿಗೂ ತಿಳಿದಿಲ್ಲ. ಜಾಲದ ಹೊರಗಿನ ಆಸ್ಪತ್ರೆಯಲ್ಲೂ ನಗದುರಹಿತ ಚಿಕಿತ್ಸೆ ದೊರಕಿಸುವ ವ್ಯವಸ್ಥೆಯನ್ನು ಸಾಮಾನ್ಯ ವಿಮಾ ಪರಿಷತ್ತು 2024ರ ಜನವರಿಯಲ್ಲಿ ಪ್ರಕಟಿಸಿತು. ಮೊದಲೇ ನಿಗದಿಯಾದ ಚಿಕಿತ್ಸೆಯಾದರೆ ದಾಖಲಾಗುವ 48 ಗಂಟೆ ಮೊದಲು, ತುರ್ತು ಚಿಕಿತ್ಸೆಯಾದರೆ ದಾಖಲಾದ 48 ಗಂಟೆಗಳೊಳಗೆ ಕಂಪನಿಗೆ ತಿಳಿಸಬೇಕು. ಪಾಲಿಸಿಯ ಷರತ್ತುಗಳಿಗೆ ಅದು ಹೊಂದಬೇಕು, ಆಸ್ಪತ್ರೆಯೂ ಸಹಕರಿಸಬೇಕು. ಭಾವನವರ ಐದನೆಯ ಸುತ್ತಿಗೆ ಮೂರು ದಿನ ಮೊದಲೇ ಅರ್ಜಿ ಕಳುಹಿಸಿದೆವು, ಒಪ್ಪಿಗೆ ಬಂತು. ನಾಲ್ಕನೆಯ ಸುತ್ತಿಗೂ ಹಾಗೆ ಮಾಡಬಹುದಿತ್ತು. ಆದರೆ ಆಸ್ಪತ್ರೆ ಪಟ್ಟಿಯಲ್ಲಿಲ್ಲ ಎಂಬ ಸಂಗತಿಯೇ ಆ ಬೆಳಿಗ್ಗೆಯವರೆಗೆ ನಮಗೆ ಗೊತ್ತಿರಲಿಲ್ಲವಲ್ಲ! ನಗದುರಹಿತ ಕೋರಿಕೆಯ ಬಗ್ಗೆ ಒಂದು ಗಂಟೆಯೊಳಗೆ, ಬಿಡುಗಡೆಯ ಅಂತಿಮ ಒಪ್ಪಿಗೆಯ ಬಗ್ಗೆ ಮೂರು ಗಂಟೆಗಳೊಳಗೆ ನಿರ್ಧಾರ ತಿಳಿಸಬೇಕೆಂದು ವಿಮಾ ನಿಯಂತ್ರಣ ಪ್ರಾಧಿಕಾರ 2024ರ ಮೇ ತಿಂಗಳ ಸುತ್ತೋಲೆಯಲ್ಲಿ ಕಂಪನಿಗಳಿಗೆ ಆದೇಶಿಸಿದೆ ಎಂಬುದೂ ನೆನಪಿರಲಿ.

ಹಣ ಕಟ್ಟಲೇಬೇಕಾಗಿ ಬಂದರೆ ಕಾಗದವೇ ಹಣ. ದಾಖಲಾದ ಸುದ್ದಿಯನ್ನು ಕೂಡಲೇ ಕಂಪನಿಗೆ ತಿಳಿಸಬೇಕು. ಬಿಡುಗಡೆ ಪತ್ರ, ವಿವರವಾದ ಬಿಲ್ಲು, ರಸೀದಿಗಳು, ಪರೀಕ್ಷಾ ವರದಿಗಳು, ಪ್ರತಿಯೊಂದು ಔಷಧಿಯ ಬಿಲ್ಲಿಗೂ ವೈದ್ಯರ ಚೀಟಿ, ಇವೆಲ್ಲ ಮೂಲಪ್ರತಿಗಳಾಗಿರಬೇಕು. ಕೊಡುವ ಮೊದಲು ನಕಲು ಮಾಡಿಟ್ಟುಕೊಳ್ಳಬೇಕು. ಸಲ್ಲಿಸಬೇಕಾದ ಗಡುವು ಪಾಲಿಸಿಯಲ್ಲೇ ಅಚ್ಚಾಗಿರುತ್ತದೆ. ನಮ್ಮ ಹಣ ಐದು ವಾರಗಳ ನಂತರ ಬಂತು, 6,200 ರೂಪಾಯಿ ಕಡಿತವಾಗಿ. ಎರಡು ಔಷಧಿ ಬಿಲ್ಲುಗಳಿಗೆ ಚೀಟಿ ಕಳೆದುಹೋಗಿತ್ತು, ತಪ್ಪು ನಮ್ಮದೇ.

ಜಾಲದ ಹೊರಗೆ ಹೋದಾಗ ಇನ್ನೊಂದು ಅಪಾಯವಿದೆ. ಅಲ್ಲಿ ಒಪ್ಪಿತ ದರವಿಲ್ಲ. ಆಸ್ಪತ್ರೆ ಕೇಳಿದ ದರ ಒಂದಾದರೆ, ಕಂಪನಿ 'ವಾಡಿಕೆಯ ಸಮಂಜಸ ದರ' ಎಂದು ಮಾನ್ಯ ಮಾಡುವುದು ಇನ್ನೊಂದು. ನಡುವಿನ ವ್ಯತ್ಯಾಸ ನಮ್ಮ ಜೇಬಿನದು. ಆದ್ದರಿಂದ ದಾಖಲಾಗುವ ಮುನ್ನ ಲಿಖಿತ ಅಂದಾಜು ಕೇಳಬೇಕು. ಕೊಠಡಿ ಬಾಡಿಗೆಯ ಮಿತಿಯನ್ನೂ ನೋಡಬೇಕು. ದಿನಕ್ಕೆ 5,000 ರೂಪಾಯಿ ಮಿತಿಯಿರುವ ಪಾಲಿಸಿಯಲ್ಲಿ 10,000 ರೂಪಾಯಿಯ ಕೊಠಡಿ ಹಿಡಿದರೆ ಬಾಡಿಗೆಯಷ್ಟೇ ಅಲ್ಲ, ವೈದ್ಯರ ಶುಲ್ಕದಂಥ ಬಾಬತ್ತುಗಳೂ ಅರ್ಧಕ್ಕೆ ಇಳಿಯಬಹುದು. ಔಷಧಿ, ದೇಹದೊಳಗೆ ಅಳವಡಿಸುವ ಸಾಧನ ಮತ್ತು ಪರೀಕ್ಷೆಗಳ ವೆಚ್ಚವನ್ನು ಹೀಗೆ ಅನುಪಾತದಲ್ಲಿ ಕಡಿತ ಮಾಡುವಂತಿಲ್ಲವೆಂದು 2020ರ ನಿಯಮ ಹೇಳುತ್ತದೆ.

ಆಸ್ಪತ್ರೆ ಬದಲಿಸಲು ಮನಸ್ಸು ಮಾಡುವವರೂ ಇರುತ್ತಾರೆ. ಅದೇ ವೈದ್ಯರು ಪಟ್ಟಿಯಲ್ಲಿರುವ ಬೇರೊಂದು ಆಸ್ಪತ್ರೆಯಲ್ಲೂ ಕೆಲಸ ಮಾಡುತ್ತಾರೆಯೇ ಎಂದು ವಿಚಾರಿಸುವುದು ಒಳ್ಳೆಯದು. ವೈದ್ಯಕೀಯ ದಾಖಲೆಗಳನ್ನು ಕೇಳಿದರೆ 72 ಗಂಟೆಗಳೊಳಗೆ ಕೊಡಬೇಕೆಂದು 2002ರ ವೈದ್ಯಕೀಯ ಪರಿಷತ್ತಿನ ನಿಯಮಗಳಲ್ಲಿದೆ. ಕೇಳಲು ಸಂಕೋಚ ಬೇಡ. ಆದರೆ ನಡುಚಿಕಿತ್ಸೆಯಲ್ಲಿ ಆಸ್ಪತ್ರೆ ಬದಲಿಸಬೇಕೇ ಬೇಡವೇ ಎಂಬ ತೀರ್ಮಾನ ವೈದ್ಯರದಾಗಿರಲಿ, ಕೌಂಟರಿನದಲ್ಲ.

ಸಿಟ್ಟಿನಲ್ಲಿ ಪಾಲಿಸಿಯನ್ನು ನವೀಕರಿಸದೆ ಬಿಡುವುದು ಎಲ್ಲಕ್ಕಿಂತ ದೊಡ್ಡ ತಪ್ಪು. ಅಕ್ಕ ಆ ಮಾತನ್ನೂ ಆಡಿದ್ದಳು. ಬೇರೆ ಕಂಪನಿಗೆ ವರ್ಗಾಯಿಸಿಕೊಳ್ಳುವ ಅವಕಾಶವಿದೆ. ನವೀಕರಣಕ್ಕೆ ಕನಿಷ್ಠ 45 ದಿನ ಮೊದಲು ಅರ್ಜಿ ಸಲ್ಲಿಸಿದರೆ, ಮೊದಲಿನಿಂದ ಇದ್ದ ಕಾಯಿಲೆಗಳಿಗೆ ನಾವು ಕಾದು ಕಳೆದ ಅವಧಿ ವ್ಯರ್ಥವಾಗುವುದಿಲ್ಲ. ಆದರೆ ಚಿಕಿತ್ಸೆಯಲ್ಲಿರುವ ರೋಗಿಯನ್ನು ಹೊಸ ಕಂಪನಿ ನಿರಾಕರಿಸಬಹುದು. ಆದ್ದರಿಂದ ಹೊಸದು ಕೈಗೆ ಬರುವವರೆಗೆ ಹಳೆಯದನ್ನು ಬಿಡಬಾರದು.

ಅನ್ಯಾಯವಾಗಿದೆ ಎನಿಸಿದರೆ ಮೊದಲು ಕಂಪನಿಯ ದೂರು ವಿಭಾಗಕ್ಕೆ ಬರೆಯಬೇಕು. ಒಂದು ತಿಂಗಳಲ್ಲಿ ಉತ್ತರ ಬಾರದಿದ್ದರೆ ಅಥವಾ ಉತ್ತರ ಸಮಾಧಾನಕರವಾಗಿಲ್ಲದಿದ್ದರೆ ವಿಮಾ ಒಂಬುಡ್ಸ್‌ಮನ್ ಬಳಿಗೆ ಹೋಗಬಹುದು. ಕರ್ನಾಟಕದವರಿಗೆ ಬೆಂಗಳೂರಿನಲ್ಲೇ ಕಚೇರಿಯಿದೆ. ಶುಲ್ಕವಿಲ್ಲ, ವಕೀಲರೂ ಬೇಕಿಲ್ಲ. ಒಂದು ವರ್ಷದೊಳಗೆ ಹೋಗಬೇಕು. ಅಲ್ಲಿಯ ತೀರ್ಪು ಕಂಪನಿಯನ್ನು ಕಟ್ಟಿಹಾಕುತ್ತದೆ. ನಮಗೆ ಒಪ್ಪಿಗೆಯಾಗದಿದ್ದರೆ ಗ್ರಾಹಕರ ಆಯೋಗದ ಬಾಗಿಲು ತೆರೆದೇ ಇರುತ್ತದೆ.

ಇಷ್ಟೆಲ್ಲ ತಿಳಿದುಕೊಳ್ಳುವ ಹೊಣೆ ರೋಗಿಯದೇ ಏಕೆ ಎಂಬ ಪ್ರಶ್ನೆ ಉಳಿಯುತ್ತದೆ. ಕಂತಿನ ದಿನ ಹತ್ತಿರವಾದಾಗ ವಾರಕ್ಕೆ ಮೂರು ಸಂದೇಶ ಕಳುಹಿಸುವ ಕಂಪನಿಗೆ, 'ನಿಮ್ಮ ಆಸ್ಪತ್ರೆ ಇನ್ನು ಪಟ್ಟಿಯಲ್ಲಿಲ್ಲ' ಎಂಬ ಒಂದು ಸಾಲು ಕಳುಹಿಸಲು ಏನು ಕಷ್ಟ? ಚಿಕಿತ್ಸೆಯ ನಡುವಿನಲ್ಲಿರುವವರಿಗೆ ಆ ಚಿಕಿತ್ಸೆ ಮುಗಿಯುವವರೆಗಾದರೂ ಹಳೆಯ ಸೌಲಭ್ಯ ಮುಂದುವರಿಯಬೇಕೆಂಬ ಷರತ್ತನ್ನು ಪ್ರತಿ ಒಪ್ಪಂದದಲ್ಲೂ ಸೇರಿಸುವಂತೆ ಪ್ರಾಧಿಕಾರ ಏಕೆ ಒತ್ತಾಯಿಸಬಾರದು? ದರದ ಜಗಳವನ್ನು ದೊಡ್ಡವರು ಎಷ್ಟು ದಿನ ಬೇಕಾದರೂ ಆಡಿಕೊಳ್ಳಲಿ. ಹನಿ ಹನಿಯಾಗಿ ಇಳಿಯುತ್ತಿರುವ ಔಷಧಿ ಅದಕ್ಕಾಗಿ ನಿಲ್ಲಬಾರದು.

ಭಾವನವರ ಆರೂ ಸುತ್ತು ಮುಗಿದಿವೆ. ಈಗ ಮೂರು ತಿಂಗಳಿಗೊಮ್ಮೆ ತಪಾಸಣೆಗೆ ಹೋಗುತ್ತಾರೆ. ಹೊರಡುವ ಮೂರು ದಿನ ಮೊದಲು ಅಕ್ಕ ಕಂಪನಿಗೆ ಫೋನ್ ಮಾಡಿ, ಆಸ್ಪತ್ರೆ ಪಟ್ಟಿಯಲ್ಲಿದೆಯೇ ಎಂದು ಕೇಳುತ್ತಾಳೆ. ಉತ್ತರ ಕೊಟ್ಟವರ ಹೆಸರು, ದಿನಾಂಕ, ವೇಳೆಯನ್ನು ಕ್ಯಾಲೆಂಡರಿನ ಹಿಂಬದಿಯಲ್ಲಿ ಬರೆದಿಡುತ್ತಾಳೆ. ಮುರಿಯಲು ಒಂದು ಠೇವಣಿ ನಮ್ಮಲ್ಲಿತ್ತು, ಬಚಾವಾದೆವು. ಅದಿಲ್ಲದ ಮನೆಯಲ್ಲಿ 'ಮುಂದಿನ ತಿಂಗಳು ಬಂದರಾಯಿತು' ಎಂಬ ಮಾತೇ ಗೆದ್ದುಬಿಡುತ್ತಿತ್ತು.