ಒಂದೇ ಕುರ್ಚಿಯ ದಂತಚಿಕಿತ್ಸಾಲಯ

ಹಲ್ಲಿದ್ದವನಿಗೆ ಕಡಲೆಯಿಲ್ಲ, ಕಡಲೆಯಿದ್ದವನಿಗೆ ಹಲ್ಲಿಲ್ಲ ಎಂಬ ಗಾದೆಯನ್ನು ನಮ್ಮ ಅರಸೀಕೆರೆಯ ಕಡೆಯವರು ಕಟ್ಟಿದ್ದರೆ ಕಡಲೆಯ ಜಾಗದಲ್ಲಿ ಕೊಬ್ಬರಿಯನ್ನು ಇಟ್ಟಿರುತ್ತಿದ್ದರು. ತೆಂಗಿನ ಸೀಮೆಯಿದು. ಅಟ್ಟದ ಮೇಲೆ ತಿಂಗಳುಗಟ್ಟಲೆ ಒಣಗಿದ ಉಂಡೆ ಕೊಬ್ಬರಿಯನ್ನು ಬೆಲ್ಲದೊಡನೆ ಕಡಿಯುವುದೆಂದರೆ ನಮ್ಮಲ್ಲಿ ಮಕ್ಕಳಿಗೂ ಮುದುಕರಿಗೂ ಒಂದೇ ಸಮನಾದ ಆಸೆ. ಅಂಥ ಒಂದು ಚೂರನ್ನು ಕಡಿಯಲು ಹೋಗಿ, ಕಳೆದ ವರ್ಷದ ಆಷಾಢದಲ್ಲಿ ನನ್ನ ಬಲದವಡೆಯ ಹಲ್ಲೊಂದರ ಮೂಲೆ ಮುರಿಯಿತು. ಈ ಲೇಖನಕ್ಕೆ ಕಾರಣವಾದ ಪರಿಚಯ ಆದದ್ದು ಹೀಗೆ.

ಆಷಾಢವೆಂದರೆ ಮಾಲೇಕಲ್ಲು ತಿರುಪತಿಯ ಜಾತ್ರೆಯ ಕಾಲ. ಪಟ್ಟಣದಿಂದ ಅನತಿದೂರದಲ್ಲಿರುವ ಆ ಬೆಟ್ಟದ ಮೇಲಿನ ವೆಂಕಟರಮಣನನ್ನು ಕಾಣಲು ಸಾವಿರಕ್ಕೂ ಮೇಲ್ಪಟ್ಟ ಮೆಟ್ಟಿಲುಗಳನ್ನು ಹತ್ತಬೇಕು. ಬೇರೆ ಊರಿನ ಕಾಲೇಜಿನಲ್ಲಿ ಪಾಠ ಹೇಳುವ ನಾನು ಆ ದಿನಗಳಲ್ಲಿ ತಪ್ಪದೆ ಹಳ್ಳಿಯ ಮನೆಗೆ ಬರುತ್ತೇನೆ. ಅಣ್ಣ, ತಮ್ಮ, ಅವರ ಮಕ್ಕಳು ಎಲ್ಲರೂ ಸೇರಿ ಬೆಟ್ಟ ಹತ್ತುವುದು ಮನೆಯ ವಾಡಿಕೆ. ಕಳೆದ ವರ್ಷ ಮಾತ್ರ ಎಲ್ಲರೂ ಮೇಲೇರುತ್ತಿರುವಾಗ ನಾನು ಕೆನ್ನೆಯನ್ನು ಅಂಗೈಯಲ್ಲಿ ಹಿಡಿದುಕೊಂಡು ಪಟ್ಟಣದ ಬೀದಿಯೊಂದರಲ್ಲಿ ವೈದ್ಯರನ್ನು ಹುಡುಕುತ್ತಿದ್ದೆ.

ಆ ವೈದ್ಯೆಯ ಹೆಸರನ್ನು ನಾನು ಇಲ್ಲಿ ಬರೆಯುವುದಿಲ್ಲ. ದಂತವೈದ್ಯರಿಗೆ 2014ರಲ್ಲಿ ಪರಿಷ್ಕೃತವಾದ ನೀತಿಸಂಹಿತೆಯೊಂದಿದೆ. ತಮ್ಮ ಗುಣಗಾನವನ್ನು ತಾವೇ ಹರಡಿ ರೋಗಿಗಳನ್ನು ಕರೆಯುವುದನ್ನು ಅದು ಒಪ್ಪುವುದಿಲ್ಲ. “ನೀವು ಹೊಗಳಿ ಬರೆದರೂ ಜನ ನಾನೇ ಬರೆಸಿದ್ದೆನೆಂದು ತಿಳಿಯುತ್ತಾರೆ ಮೇಷ್ಟ್ರೇ, ಹೆಸರು ಬೇಡ” ಎಂದು ಆಕೆ ಖಂಡಿತವಾಗಿ ಹೇಳಿದರು. ವಯಸ್ಸು ಐವತ್ತನ್ನು ದಾಟಿದೆ. ಹಳ್ಳಿಯವರು ಡಾಕ್ಟರಮ್ಮ ಎನ್ನುತ್ತಾರೆ. ನಾನೂ ಹಾಗೆಯೇ ಕರೆಯುತ್ತೇನೆ.

ಹಲ್ಲಿನ ವೈದ್ಯರ ಬಾಗಿಲಿಗೆ ಹೋಗುವವನ ಮನಸ್ಸನ್ನು ವರ್ಣಿಸುವ ಅಗತ್ಯವಿಲ್ಲ. ವಾಚಕರಲ್ಲಿ ಹೆಚ್ಚಿನವರು ಅದನ್ನು ಅನುಭವಿಸಿಯೇ ಇರುತ್ತಾರೆ. ನನ್ನ ಭಯಕ್ಕೆ ಒಂದು ಪೂರ್ವಕಥೆಯೂ ಇದ್ದಿತು. ಹದಿನಾಲ್ಕನೆಯ ವಯಸ್ಸಿನಲ್ಲಿ ಒಂದು ಕಡೆ ನನ್ನ ನೋಯುವ ಹಲ್ಲನ್ನು ಬಿಟ್ಟು ಅದರ ನೆರೆಯ ಹಲ್ಲನ್ನು ಕಿತ್ತುಬಿಟ್ಟರು. ಮನೆಗೆ ಬಂದ ಮೇಲೂ ನೋವು ನಿಲ್ಲಲಿಲ್ಲ. ಮರುವಾರ ನಿಜವಾದ ಅಪರಾಧಿಯನ್ನೂ ಕಿತ್ತರು. ಕುರ್ಚಿಯಲ್ಲಿ ಮಲಗಿ ಬಾಯಿ ತೆರೆದವನಿಗೆ ತನ್ನ ಬಾಯೊಳಗೆ ಏನಾಗುತ್ತಿದೆಯೆಂದು ಕಾಣುವುದಿಲ್ಲ. ಕೇಳೋಣವೆಂದರೆ ನಾಲಗೆಯ ಮೇಲೆ ಹತ್ತಿಯಿರುತ್ತದೆ. ಎರಡು ಹಲ್ಲು ಕಳೆದುಕೊಂಡು ನಾನು ಕಲಿತ ಪಾಠವಿದು.

ಡಾಕ್ಟರಮ್ಮನ ಚಿಕಿತ್ಸಾಲಯದಲ್ಲಿ ಇರುವುದು ಒಂದೇ ಕುರ್ಚಿ. ಹೊರಗೆ ಒಂದು ಉದ್ದನೆಯ ಮರದ ಬೆಂಚು, ಒಂದು ಮಣ್ಣಿನ ಹೂಜಿ. ಒಳಗೆ ಹೋದವರಿಗೆ ಮೊದಲು ಕಾಣುವುದು ಒಂದು ಕೈಗನ್ನಡಿ. ಅದನ್ನು ರೋಗಿಯ ಕೈಗೆ ಕೊಟ್ಟು, ಕೆಟ್ಟ ಹಲ್ಲು ಯಾವುದು, ಎಷ್ಟು ಕೆಟ್ಟಿದೆ ಎಂಬುದನ್ನು ಅವನ ಕಣ್ಣಿಗೇ ತೋರಿಸಿದ ಮೇಲೆ ಆಕೆ ಮಾತಿಗೆ ತೊಡಗುತ್ತಾರೆ. “ನೋವಾದರೆ ಎಡಗೈ ಎತ್ತಿ, ನಿಲ್ಲಿಸುತ್ತೇನೆ” ಎಂಬುದು ಎರಡನೆಯ ಮಾತು. ಪರೀಕ್ಷೆಗಾಗಿ ನಾನು ಸುಮ್ಮನೆ ಒಮ್ಮೆ ಕೈ ಎತ್ತಿದೆ. ಯಂತ್ರ ತಟ್ಟನೆ ನಿಂತಿತು. ಇಪ್ಪತ್ತು ವರ್ಷಗಳ ನನ್ನ ಭಯದಲ್ಲಿ ಅರ್ಧ ಆಗಲೇ ಇಳಿಯಿತೆಂದರೆ ಅತಿಶಯೋಕ್ತಿಯಲ್ಲ.

ಉಪಕರಣಗಳ ಪೊಟ್ಟಣವನ್ನು ರೋಗಿಯ ಎದುರಿಗೇ ಒಡೆಯುತ್ತಾರೆ. ಒತ್ತಡದ ಹಬೆಯಲ್ಲಿ 121 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಕಾಲುಗಂಟೆಯಾದರೂ ಬೆಂದು ಬಂದ ಪೊಟ್ಟಣ ಅದು. ನಮ್ಮ ಅಡುಗೆಮನೆಯ ಕುಕ್ಕರಿನ ಅಣ್ಣನಂತಿರುವ ಪಾತ್ರೆ ಮೂಲೆಯಲ್ಲಿ ಸದಾ ಸಿಳ್ಳಿಡುತ್ತಿರುತ್ತದೆ. ಚಿಕಿತ್ಸೆಗೆ ಮೊದಲು ಒಂದು ಚೀಟಿಯಲ್ಲಿ ಮೂರು ಸಾಲು ಬರೆದುಕೊಡುತ್ತಾರೆ: ಮಾಡಬೇಕಾದದ್ದು ಏನು, ಅದಕ್ಕೆ ತಗಲುವ ಹಣ ಎಷ್ಟು, ಏನೂ ಮಾಡದೆ ಬಿಟ್ಟರೆ ಆಗುವುದೇನು. ಮೂರನೆಯ ಸಾಲು ನನಗೆ ಹೊಸದು. ನನ್ನ ಚೀಟಿಯಲ್ಲಿ “ಬಿಟ್ಟರೂ ಸದ್ಯಕ್ಕೆ ಅಪಾಯವಿಲ್ಲ, ನಾಲಗೆಗೆ ತರಚುತ್ತದೆ, ಅಷ್ಟೆ” ಎಂದಿದ್ದಿತು. ಚೂಪಾದ ಅಂಚನ್ನು ನಯಗೊಳಿಸಿ, ಸಣ್ಣದೊಂದು ತುಂಬುವಿಕೆ ಮಾಡಿ ಕಳುಹಿಸಿದರು. ಹಲ್ಲಿಗೆ ಟೊಪ್ಪಿಗೆ ಹಾಕಿಸಬೇಕಾದೀತೆಂದು ಹಣ ಹೊಂದಿಸಿಕೊಂಡು ಹೋಗಿದ್ದ ನನಗೆ ಒಂದು ಬಗೆಯ ನಿರಾಶೆಯೇ ಆಯಿತೆನ್ನಬೇಕು.

ಈ ವಿದ್ಯೆ ನಮ್ಮ ನಾಡಿನಲ್ಲಿ ವ್ಯವಸ್ಥಿತವಾಗಿ ಬೆಳೆದದ್ದು ಬಹಳ ಹಿಂದಿನ ಮಾತಲ್ಲ. ಭಾರತದ ಮೊದಲ ದಂತವೈದ್ಯ ಕಾಲೇಜನ್ನು ಡಾ. ರಫೀಉದ್ದೀನ್ ಅಹಮದ್ ಕಲ್ಕತ್ತೆಯಲ್ಲಿ 1920ರಲ್ಲಿ ತೆರೆದರು. ದಂತವೈದ್ಯರ ಕಾಯಿದೆ ಬಂದದ್ದು 1948ರಲ್ಲಿ. ಬೆಂಗಳೂರಿನ ಸರ್ಕಾರಿ ದಂತವೈದ್ಯ ಕಾಲೇಜು 1958ರಲ್ಲಿ, ಮಣಿಪಾಲದ್ದು 1965ರಲ್ಲಿ. ಅದಕ್ಕೆ ಮುಂಚೆ ಹಳ್ಳಿಯವರ ಪಾಲಿಗೆ ಬೇವಿನ ಕಡ್ಡಿ, ಇದ್ದಿಲು, ನಂಜನಗೂಡಿನ ಸದ್ವೈದ್ಯಶಾಲೆಯ ಹಲ್ಲುಪುಡಿ, ಇವುಗಳಿಗೂ ಬಗ್ಗದ ನೋವಿಗೆ ಜಾತ್ರೆಯಲ್ಲಿ ಇಕ್ಕಳ ಹಿಡಿದು ಕುಳಿತ ಮಹಾಶಯ. ಅವನ ಮುಂದೆ ತಮಟೆ ಬಾರಿಸುತ್ತಿದ್ದುದು ಜನರನ್ನು ಕರೆಯುವುದಕ್ಕಲ್ಲ, ಒಳಗಿನವನ ಕೂಗು ಹೊರಗೆ ಕೇಳದಿರಲೆಂದು ಎಂದು ನಮ್ಮ ಅಜ್ಜ ಹೇಳುತ್ತಿದ್ದರು. ಇಂದು ಕರ್ನಾಟಕವೊಂದರಲ್ಲಿಯೇ ನಲವತ್ತಕ್ಕೂ ಹೆಚ್ಚು ದಂತವೈದ್ಯ ಕಾಲೇಜುಗಳಿವೆ, ಹಾಸನದಲ್ಲಿಯೂ ಒಂದಿದೆ. ಹಲ್ಲು ಕೀಳುವವರಿಗೆ ಈಗ ಕೊರತೆಯಿಲ್ಲ. ಕೀಳಬೇಕಾಗಿಲ್ಲವೆಂದು ಹೇಳಿ ಕಳುಹಿಸುವವರು ಎಷ್ಟು ಮಂದಿ ಎಂಬುದು ಬೇರೆಯ ಲೆಕ್ಕ.

ಒಂದು ದಿನ ನನ್ನ ಸರದಿಗಾಗಿ ಕಾದಿದ್ದಾಗ ಕಂಡದ್ದನ್ನು ಹೇಳಬೇಕು. ಎಪ್ಪತ್ತರ ಆಸುಪಾಸಿನ ಅಜ್ಜಿಯೊಬ್ಬರನ್ನು ಮಗ ಕರೆತಂದಿದ್ದ. ಎಲೆ ಅಡಿಕೆ ಕಡ್ಡಿಪುಡಿಯಿಂದ ಕರೆಗಟ್ಟಿದ ಬಾಯಿ; ಕೆಳದವಡೆಯಲ್ಲಿ ಉಳಿದದ್ದು ನಾಲ್ಕೇ ಹಲ್ಲು. “ಇವನ್ನೂ ಕಿತ್ತು ಪೂರಾ ಸೆಟ್ಟು ಕಟ್ಟಿಕೊಡಿ ಡಾಕ್ಟ್ರೇ” ಎಂದು ಮಗ ಹೇಳಿದ. ಡಾಕ್ಟರಮ್ಮ ಅವನಿಗೆ ಉತ್ತರ ಕೊಡಲಿಲ್ಲ. ಅಜ್ಜಿಯ ಕಡೆಗೆ ತಿರುಗಿ, “ಏನವ್ವಾ, ನಿಮಗೇನು ಬೇಕು?” ಎಂದು ಕೇಳಿದರು. ಬಹಳ ಹೊತ್ತಿನ ಮೇಲೆ ಅಜ್ಜಿ, “ಮುದ್ದೆ ನುಂಗಕ್ಕೆ ಹಲ್ಯಾಕೆ ತಾಯಿ? ಒಂದು ಹೋಳಿಗೆ ಕಡಿಯಂಗಾದ್ರೆ ಸಾಕು” ಎಂದರು. ಪೂರ್ಣ ಬೋಳಾದ ಕೆಳದವಡೆಯ ಮೇಲೆ ಕಟ್ಟಿದ ಹಲ್ಲು ನಿಲ್ಲುವುದು ಕಷ್ಟ. ನಾಲಗೆ ಅಲುಗಿದಂತೆಲ್ಲ ಅದೂ ಅಲುಗುತ್ತದೆ. ಗಟ್ಟಿಯಾಗಿದ್ದ ಎರಡು ಹಲ್ಲುಗಳ ಬೇರನ್ನು ಉಳಿಸಿಕೊಂಡು ಅವುಗಳ ಆಧಾರದಲ್ಲಿ ಸೆಟ್ಟು ಕೂರಿಸಬಹುದೆಂದು ಚಿತ್ರ ಬರೆದು ವಿವರಿಸಿದರು. ಆಮೇಲೆ ಕೆನ್ನೆಯ ಒಳಭಾಗವನ್ನೂ ನಾಲಗೆಯ ಅಡಿಯನ್ನೂ ದೀಪ ಹಿಡಿದು ನಿಧಾನವಾಗಿ ನೋಡಿದರು. ಹೊಗೆಸೊಪ್ಪಿನ ಬಾಯಿಯಲ್ಲಿ ಬಿಳಿಯ ಮಚ್ಚೆಯೋ ಮಾಯದ ಹುಣ್ಣೋ ಇದ್ದರೆ ಅದು ಅರ್ಬುದದ ಮುನ್ಸೂಚನೆಯಾಗಿರಬಹುದು. ಹಲ್ಲಿಗಾಗಿ ಬಂದವರಲ್ಲಿ ಅದನ್ನು ಮೊದಲು ಕಾಣಬಲ್ಲವರು ದಂತವೈದ್ಯರೇ. ಈ ನೋಟಕ್ಕೆ ಆಕೆ ಹಣ ತೆಗೆದುಕೊಳ್ಳುವುದಿಲ್ಲ.

ಹಾಗೆಂದು ಇದು ಧರ್ಮಾಸ್ಪತ್ರೆಯೇನೂ ಅಲ್ಲ. ಐದು ರೂಪಾಯಿ ಶುಲ್ಕದಿಂದಲೇ ನಾಡಿಗೆಲ್ಲ ಪರಿಚಿತರಾದ ಮಂಡ್ಯದ ಚರ್ಮವೈದ್ಯ ಡಾ. ಶಂಕರೇಗೌಡರ ಹೆಸರನ್ನು ನಾನೊಮ್ಮೆ ತೆಗೆದಾಗ ಡಾಕ್ಟರಮ್ಮ ಕೈ ಜೋಡಿಸಿದರು. “ದೊಡ್ಡವರು. ಆದರೆ ಅವರ ದಾರಿ ನಮಗೆ ಸಾಗದು. ಅವರು ಬರೆದುಕೊಟ್ಟ ಔಷಧಿ ಅಂಗಡಿಯಲ್ಲಿ ಸಿಗುತ್ತದೆ. ನಾವು ಮದ್ದನ್ನೂ ಸಿಮೆಂಟನ್ನೂ ಕೈಯಿಂದಲೇ ಹಾಕಬೇಕು, ಹಲ್ಲು ಕಟ್ಟುವ ಪ್ರಯೋಗಶಾಲೆಗೆ ಹಣ ಕೊಡಬೇಕು” ಎಂದರು. ಆ ಮಾತು ನ್ಯಾಯವಾದದ್ದು. ಸ್ವತಂತ್ರವಾಗಿ ನಡೆಸುವ ಚಿಕಿತ್ಸಾಲಯಕ್ಕೆ ಬಾಡಿಗೆ, ಸಾಲ, ಕೆಟ್ಟ ಕುರ್ಚಿಯ ದುರಸ್ತಿ ಎಲ್ಲವೂ ಒಬ್ಬರ ತಲೆಯ ಮೇಲೆಯೇ. ದೊಡ್ಡ ಸಂಸ್ಥೆಗಳೆಲ್ಲ ಲೋಭಿಗಳು, ಸಣ್ಣವರೆಲ್ಲ ಸತ್ಯವಂತರು ಎಂದು ನಾನೂ ಹೇಳಲಾರೆ. ನನ್ನ ಹದಿನಾಲ್ಕನೆಯ ವಯಸ್ಸಿನ ಹಲ್ಲು ಹೋದದ್ದು ಒಂದು ಸಣ್ಣ ಕೋಣೆಯಲ್ಲಿಯೇ. ಆದರೆ ಈ ತಿಂಗಳು ಇಷ್ಟು ಹಲ್ಲಿಗೆ ಟೊಪ್ಪಿಗೆ ಹಾಕಿರಬೇಕೆಂದು ಕೇಳುವ ಯಜಮಾನ ಆಕೆಗೆ ಮೇಲಿಲ್ಲ. ಅದರ ಬೆಲೆ ನನಗೆ ತಿಳಿದದ್ದು ನಮ್ಮ ಮನೆಯ ಹುಡುಗಿಯ ವಿಷಯದಲ್ಲಿ.

ಅಣ್ಣನ ಮಗಳಿಗೆ ಹದಿನೇಳು ವರ್ಷ. ಚುರುಕಾದ ಹುಡುಗಿ, ಆದರೆ ನಗುವಾಗ ಅಂಗೈ ಬಾಯಿಗೆ ಬರುತ್ತದೆ. ಮುಂದಿನ ಹಲ್ಲುಗಳ ಮೇಲೆ ಕಂದುಬಣ್ಣದ ಅಡ್ಡಪಟ್ಟೆಗಳು. ನಮ್ಮ ಕಡೆ ಅದನ್ನು ಕೊಳೆಯೆಂದೇ ಭಾವಿಸುತ್ತಾರೆ. ಸರಿಯಾಗಿ ಉಜ್ಜುವುದಿಲ್ಲವೆಂದು ಅತ್ತಿಗೆ ಬೈದಿದ್ದೂ, ಹುಡುಗಿ ಇಟ್ಟಿಗೆಪುಡಿ ಹಾಕಿ ಒಸಡಿನಲ್ಲಿ ರಕ್ತ ಬರುವಂತೆ ಉಜ್ಜಿದ್ದೂ ಉಂಟು. ನಗರದ ಒಂದು ಕಡೆ ತೋರಿಸಿದಾಗ, ಮೇಲಿನ ಆರು ಹಲ್ಲುಗಳನ್ನೂ ಅರೆದು ಪಿಂಗಾಣಿಯ ಟೊಪ್ಪಿಗೆ ಹಾಕಿದರೆ ಮದುವೆಯ ಹೊತ್ತಿಗೆ ಮುತ್ತಿನಂತಾಗುವುದೆಂದು ಹೇಳಿದ್ದರು. ಅಣ್ಣ ಹಣಕ್ಕಾಗಿ ಕೊಬ್ಬರಿಯ ಬೆಲೆ ಏರುವುದನ್ನು ಕಾಯುತ್ತಿದ್ದ.

ದಸರೆಯ ರಜೆಯಲ್ಲಿ ನಾನೇ ಆಕೆಯನ್ನು ಡಾಕ್ಟರಮ್ಮನ ಬಳಿಗೆ ಕರೆದೊಯ್ದೆ. ಕನ್ನಡಿ ಕೈಗೆ ಬಂದೊಡನೆ ಹುಡುಗಿ ಅದನ್ನು ಮಗುಚಿಟ್ಟಳು. ಡಾಕ್ಟರಮ್ಮ ಒತ್ತಾಯಿಸಲಿಲ್ಲ. “ಪುಟ್ಟಿ, ಇದು ಕೊಳೆಯಲ್ಲ. ನೀನು ಎಷ್ಟು ಉಜ್ಜಿದರೂ ಹೋಗುವುದಿಲ್ಲ, ಏಕೆಂದರೆ ಇದರಲ್ಲಿ ನಿನ್ನ ತಪ್ಪೇನೂ ಇಲ್ಲ. ಇದು ನಿಮ್ಮ ಊರಿನ ನೀರು” ಎಂದರು.

ಹಾಸನ ಜಿಲ್ಲೆಯಲ್ಲಿ ಮಲೆನಾಡಿನ ಮಳೆಗೆ ಹೊರಗಾದ ಒಣಭಾಗ ನಮ್ಮದು. ಕೆರೆ ಬತ್ತಿದಂತೆ ಕೊಳವೆಬಾವಿ ಆಳವಾಯಿತು. ಆಳದ ಬಂಡೆಯಿಂದ ನೀರಿನೊಡನೆ ಫ್ಲೋರೈಡೂ ಮೇಲೆ ಬಂದಿತು. ಒಂದು ಲೀಟರಿನಲ್ಲಿ ಒಂದು ಮಿಲಿಗ್ರಾಮಿನಷ್ಟಿದ್ದರೆ ಬಾಧಕವಿಲ್ಲ, ಬೇರೆ ಮೂಲವೇ ಇಲ್ಲದಿದ್ದರೆ ಒಂದೂವರೆಯವರೆಗೆ ಸಹಿಸಬಹುದು ಎಂಬುದು ಭಾರತೀಯ ಮಾನಕ. ಅದನ್ನು ಮೀರಿದ ನೀರನ್ನು ಕುಡಿದ ಮಗುವಿನಲ್ಲಿ, ಒಸಡಿನೊಳಗೆ ರೂಪುಗೊಳ್ಳುತ್ತಿರುವ ಹಲ್ಲಿನ ಹೊರಗವಚ ಕೆಡುತ್ತದೆ. ಹಲ್ಲು ಹೊರಗೆ ಬಂದಾಗ ಕಲೆ ಅದರೊಡನೆಯೇ ಹುಟ್ಟಿ ಬರುತ್ತದೆ. ಅಮೆರಿಕದ ಕೊಲರಾಡೊದಲ್ಲಿ ಮೆಕ್‌ಕೇ ಎಂಬ ದಂತವೈದ್ಯ 1901ರಲ್ಲಿ ಈ ಕಂದುಕಲೆಯನ್ನು ಕಂಡು ಬೆರಗಾದ. ಕಾರಣ ನೀರಿನ ಫ್ಲೋರೈಡ್ ಎಂದು ಗೊತ್ತಾದದ್ದು 1931ರಲ್ಲಿ. ನಮ್ಮ ದೇಶದಲ್ಲಿ ನೆಲ್ಲೂರು ಸೀಮೆಯ ಹಳ್ಳಿಗಳಲ್ಲಿ ಇದರ ಬಾಧೆ 1937ರಲ್ಲಿಯೇ ವರದಿಯಾಗಿದೆ. ಇಷ್ಟಾಗಿಯೂ ನಮ್ಮ ಮನೆಯಲ್ಲಿ ಬೈಗುಳ ತಿಂದದ್ದು ಹುಡುಗಿ.

ಟೊಪ್ಪಿಗೆಯ ಮಾತು ಬಂದಾಗ ಡಾಕ್ಟರಮ್ಮ ತಲೆಯಾಡಿಸಿದರು. ಅದಕ್ಕಾಗಿ ಸುತ್ತಲೂ ಒಂದರಿಂದ ಎರಡು ಮಿಲಿಮೀಟರಿನಷ್ಟು ಗಟ್ಟಿ ಹಲ್ಲನ್ನು ಅರೆಯಬೇಕು. ಅರೆದದ್ದು ಮತ್ತೆ ಬೆಳೆಯುವುದಿಲ್ಲ. ಬೇಲೂರಿನ ಶಿಲ್ಪಿ ಉಳಿ ಇಡುವ ಮುನ್ನ ಎಷ್ಟು ಯೋಚಿಸಿದ್ದನೋ ಎಂದು ನನಗೆ ಅನ್ನಿಸಿತು. ಇಷ್ಟು ಎಳೆಯ ವಯಸ್ಸಿನಲ್ಲಿ ಹಾಕಿದ ಟೊಪ್ಪಿಗೆಯನ್ನು ಮುಂದೆ ಒಂದಲ್ಲ ಎರಡು ಸಲ ಬದಲಿಸಬೇಕಾಗುವುದೆಂಬುದನ್ನೂ ಹೇಳಿದರು. ಅದರ ಬದಲು ಮೇಲ್ಪದರವನ್ನು ಕೂದಲೆಳೆಯಷ್ಟು ಮಾತ್ರ ಉಜ್ಜಿ ತೆಗೆದು, ಉಳಿದ ಕಲೆಗೆ ಹಲ್ಲಿನ ಬಣ್ಣದ ಲೇಪ ಕೊಡಬಹುದು. ಪೂರ್ತಿ ಹೋಗದು, ಮಸುಕಾದೀತು. “ಈಗಲೇ ಒಪ್ಪಬೇಡ. ಮನೆಗೆ ಹೋಗಿ ಯೋಚಿಸು. ಏನೂ ಮಾಡಿಸದಿದ್ದರೂ ಈ ಹಲ್ಲು ಗಟ್ಟಿಯಾಗಿಯೇ ಇರುತ್ತವೆ” ಎಂದು ಚೀಟಿಯನ್ನು ಹುಡುಗಿಯ ಕೈಗೇ ಕೊಟ್ಟರು. ಎರಡು ವಾರ ಯೋಚಿಸಿ ಆಕೆ ಮುಂದಿನ ಎರಡು ಹಲ್ಲಿಗೆ ಮಾತ್ರ ಮಾಡಿಸಿಕೊಂಡಳು. ಉಳಿದವು ಹಾಗೆಯೇ ಇವೆ.

ನಾವು ಎದ್ದು ಹೊರಡುವಾಗ ಡಾಕ್ಟರಮ್ಮ, “ಮನೆಯಲ್ಲಿ ಸಣ್ಣ ಮಕ್ಕಳಿದ್ದಾರೆಯೇ?” ಎಂದು ಕೇಳಿದರು. ತಮ್ಮನಿಗೆ ಹತ್ತು ತಿಂಗಳ ಗಂಡುಮಗು.

“ರಾಗಿ ಸರಿ ಯಾವ ನೀರಿನಲ್ಲಿ ಕಾಯಿಸುತ್ತೀರಿ?”

ಕೊಳವೆಬಾವಿಯದೇ ನೀರು, ಆದರೆ ಚೆನ್ನಾಗಿ ಕುದಿಸುತ್ತೇವೆಂದು ನಾನು ಹೆಮ್ಮೆಯಿಂದಲೇ ಹೇಳಿದೆ. ಆಕೆ ನಿಂತಲ್ಲಿಂದ ಮತ್ತೆ ಕುಳಿತರು. ಕುದಿಸುವುದರಿಂದ ರೋಗಾಣು ಸಾಯುತ್ತದೆ. ಫ್ಲೋರೈಡ್ ಸಾಯುವ ವಸ್ತುವಲ್ಲ. ನೀರು ಆವಿಯಾದಷ್ಟೂ ಉಳಿದ ನೀರಿನಲ್ಲಿ ಅದು ದಟ್ಟವಾಗುತ್ತದೆ. ಹುಟ್ಟಿನಿಂದ ಮೂರು ನಾಲ್ಕು ವರ್ಷದವರೆಗಿನ ಕಾಲದಲ್ಲಿಯೇ ಮುಂದಿನ ಶಾಶ್ವತ ಹಲ್ಲುಗಳ ಕವಚ ಕಟ್ಟಿಕೊಳ್ಳುವುದರಿಂದ, ನಮ್ಮ ಮನೆಯ ತೊಟ್ಟಿಲಿನಲ್ಲಿ ಆ ಕೆಲಸ ಆ ಹೊತ್ತಿಗೆ ನಡೆಯುತ್ತಲೇ ಇದ್ದಿತು. ಹುಡುಗಿಯ ಕಲೆಯನ್ನು ಅಳಿಸಲು ಹೋದ ನಾವು ಅದೇ ನೀರನ್ನು ಮಗುವಿಗೆ ಬಟ್ಟಲಿನಲ್ಲಿ ಉಣಿಸುತ್ತಿದ್ದೆವು.

ಅಂದು ಸಂಜೆಯೇ ತಮ್ಮ ಶುದ್ಧ ನೀರಿನ ಘಟಕದಿಂದ ಡಬ್ಬ ತುಂಬಿಸಿ ತಂದ. ಕೊಳವೆಬಾವಿಯ ನೀರನ್ನು ಸರ್ಕಾರದ ಪ್ರಯೋಗಾಲಯಕ್ಕೆ ಕೊಟ್ಟು ನೋಡಿದಾಗ ಅದು ಒಂದೂವರೆಯ ಮಿತಿಯನ್ನು ದಾಟಿದ್ದಿತು. ಆಗ ಬೀದಿಯ ಇನ್ನಿಬ್ಬರು ತಾಯಂದಿರೂ ಡಬ್ಬ ಹಿಡಿದರು, ಒಬ್ಬಾಕೆ ಮಾತ್ರ, “ನಾವೆಲ್ಲ ಇದನ್ನೇ ಕುಡಿದು ಬೆಳೆದಿಲ್ಲವೇ?” ಎಂದು ಹಳೆಯ ನೀರನ್ನೇ ಮುಂದುವರಿಸಿದ್ದಾಳೆ. ಮಾಡಿನ ಮೇಲೆ ಬಿದ್ದ ಮಳೆನೀರಿನಲ್ಲಿ ಈ ಬಾಧೆ ಇಲ್ಲವೆಂದು ಕೇಳಿದ ಅಣ್ಣ ಈ ಬೇಸಿಗೆಯಲ್ಲಿ ಹಿತ್ತಲಲ್ಲಿ ತೊಟ್ಟಿಯೊಂದನ್ನು ಕಟ್ಟಿಸಿದ. ಪಿಂಗಾಣಿಗೆಂದು ಕೂಡಿಟ್ಟ ಹಣವೇ ಅದಕ್ಕೆ ಹೋಯಿತು.

ಈ ವರ್ಷದ ಆಷಾಢದಲ್ಲಿ ಬೆಟ್ಟ ಇಳಿದು ಬರುವ ದಾರಿಯಲ್ಲಿ ಮಗುವನ್ನು ಎತ್ತಿಕೊಂಡು ಡಾಕ್ಟರಮ್ಮನನ್ನು ಕಂಡೆವು. ಅವನು ಕೈಗನ್ನಡಿಯನ್ನು ಕಿತ್ತುಕೊಂಡು ಅದನ್ನೇ ಕಚ್ಚಲು ನೋಡಿದ. ಹಾಲುಹಲ್ಲು ನೋಡಿ ಈಗ ಏನನ್ನೂ ಹೇಳಲಾಗದೆಂದು ಆಕೆ ನಕ್ಕರು. ಆಮೇಲೆ ತಮ್ಮ ದಪ್ಪ ದಾಖಲೆಪುಸ್ತಕವನ್ನು ತೆರೆದು ಮಗುವಿನ ಹೆಸರು, ಹುಟ್ಟಿದ ತಿಂಗಳು ಬರೆದುಕೊಂಡು, ತಮ್ಮನ ಹೆಂಡತಿಗೆ, “ಇವನಿಗೆ ಏಳು ತುಂಬಿದ ಆಷಾಢದಲ್ಲಿ ಕರೆದುಕೊಂಡು ಬಾ ತಾಯಿ, ಮುಂದಿನ ಎರಡು ಹಲ್ಲು ಬಂದಿರುತ್ತವೆ, ನೋಡೋಣ” ಎಂದರು.