ತಿಳಿನೀರೆಲ್ಲ ಶುದ್ಧನೀರಲ್ಲ
ಮನೆಯ ಮೀನಿನ ತೊಟ್ಟಿಗೆ ಶೋಧಕದ ಆಯ್ಕೆ ಮತ್ತು ಅಳವಡಿಕೆ

ಮನೆಯ ಪಡಸಾಲೆಯಲ್ಲಿ ಗಾಜಿನ ತೊಟ್ಟಿಯನ್ನಿರಿಸಿ ಬಣ್ಣದ ಮೀನುಗಳನ್ನು ಸಾಕುವ ಹವ್ಯಾಸವು ನಮ್ಮ ಪಟ್ಟಣಗಳ ಅನೇಕ ಕುಟುಂಬಗಳಲ್ಲಿ ಬೆಳೆದು ಬಂದಿದೆ. ಮಕ್ಕಳಿಗೆ ಅದೊಂದು ಹಬ್ಬ, ಹಿರಿಯರಿಗೆ ಸಂಜೆಯ ವಿಶ್ರಾಂತಿ. ಆದರೆ ಕೆರೆಯ ಮೀನಿಗೂ ತೊಟ್ಟಿಯ ಮೀನಿಗೂ ಒಂದು ಭೇದವುಂಟು. ಕೆರೆಯ ಒಂದು ಮೂಲೆಯಲ್ಲಿ ನೀರು ಕೆಟ್ಟರೆ ಮೀನು ಇನ್ನೊಂದೆಡೆಗೆ ಈಜಿ ಹೋಗಬಲ್ಲದು. ನಾಲ್ಕು ಗಾಜಿನ ಗೋಡೆಗಳ ನಡುವೆ ಇರುವ ಜೀವಕ್ಕೆ ನಾವು ಕೊಟ್ಟ ನೀರೇ ಗತಿ. ಈ ಹೊಣೆಯನ್ನರಿಯದೆ ನಾವು ಮಾಡಿದ ತಪ್ಪೊಂದನ್ನು ಓದುಗರ ಮುಂದಿಡುವುದು ಉಚಿತವೆಂದು ಭಾವಿಸಿದ್ದೇವೆ.

2017ರ ದೀಪಾವಳಿಗೆ ಮುನ್ನ ಮನೆಯ ಸುಣ್ಣ-ಬಣ್ಣದ ಕೆಲಸ ನಡೆದಿತ್ತು. ಮೊಮ್ಮಗಳು ಸಾಕಿದ್ದ ನಾಲ್ಕು ಬಂಗಾರದ ಮೀನುಗಳ ತೊಟ್ಟಿಯನ್ನೂ ಶುಚಿಗೊಳಿಸೋಣವೆಂದು ನಾವೇ ಮುಂದಾದೆವು. ಹಳೆಯ ನೀರನ್ನೆಲ್ಲ ಚೆಲ್ಲಿ, ಕಲ್ಲುಹರಳುಗಳನ್ನು ಉಜ್ಜಿ, ಶೋಧಕದ ಸ್ಪಂಜನ್ನು ನಲ್ಲಿಯ ಕೆಳಗೆ ಹಿಡಿದು ಕಂದುಬಣ್ಣವೆಲ್ಲ ಹೋಗುವವರೆಗೆ ಹಿಂಡಿ ತೊಳೆದೆವು. ತೊಟ್ಟಿಯು ಹೊಸದರಂತೆ ಥಳಥಳಿಸಿತು. ನಾಲ್ಕನೆಯ ದಿನದೊಳಗೆ ಮೂರು ಮೀನುಗಳು ಸತ್ತು ತೇಲಿದವು. “ಅಜ್ಜಾ, ನೀರು ಇಷ್ಟು ಸ್ವಚ್ಛ ಅದ, ಮೀನ ಯಾಕ ಸತ್ತುವು?” ಎಂದು ಮಗು ಕೇಳಿದಾಗ ನಮ್ಮಲ್ಲಿ ಉತ್ತರವಿರಲಿಲ್ಲ. ಪ್ರಾಣಿಶಾಸ್ತ್ರದ ಅಧ್ಯಾಪಕರಾದ ಮಿತ್ರರೊಬ್ಬರಲ್ಲಿ ವಿಚಾರಿಸಿದೆವು. “ಗುರುಗಳೇ, ಸ್ಪಂಜಿನ ಕೊಳೆಯ ಜೊತೆ ಮೀನಿನ ಆಯುಷ್ಯವನ್ನೂ ತೊಳೆದುಬಿಟ್ಟಿರಿ” ಎಂದರು.

ನೀರು ಕೆಡುವ ಬಗೆ

ಮೀನು ತನ್ನ ಕಿವಿರುಗಳ ಮೂಲಕ ಅಮೋನಿಯಾವನ್ನು ಹೊರಬಿಡುತ್ತದೆ. ತಿನ್ನದೆ ಉಳಿದ ಆಹಾರ ಕೊಳೆತಾಗಲೂ ಅದೇ ಹುಟ್ಟುತ್ತದೆ. ಇದು ಕಣ್ಣಿಗೆ ಕಾಣದ ವಿಷ. ನೀರು ತಿಳಿಯಾಗಿದ್ದಾಗಲೂ ಇರಬಲ್ಲದು. ಪ್ರಕೃತಿಯಲ್ಲಿ ಒಂದು ವರ್ಗದ ಬ್ಯಾಕ್ಟೀರಿಯಾಗಳು ಅಮೋನಿಯಾವನ್ನು ನೈಟ್ರೈಟ್ ಆಗಿಯೂ, ಇನ್ನೊಂದು ವರ್ಗದವು ಆ ನೈಟ್ರೈಟನ್ನು ನೈಟ್ರೇಟ್ ಆಗಿಯೂ ಮಾರ್ಪಡಿಸುತ್ತವೆ. ನೈಟ್ರೈಟ್ ಸಹ ವಿಷವೇ. ನೈಟ್ರೇಟ್ ಮಿತಿಯಲ್ಲಿದ್ದರೆ ಮೀನು ಸಹಿಸಿಕೊಳ್ಳುತ್ತದೆ. ಈ ಸೂಕ್ಷ್ಮಜೀವಿಗಳನ್ನು 1890ರ ಸುಮಾರಿಗೆ ರಷ್ಯದ ವಿಜ್ಞಾನಿ ಸೆರ್ಗೇಯ್ ವಿನೊಗ್ರಾಡ್‌ಸ್ಕಿ ಬೇರ್ಪಡಿಸಿ ತೋರಿಸಿದರು. ಅವುಗಳ ಮುಖ್ಯ ನೆಲೆ ಶೋಧಕದ ಸ್ಪಂಜು ಮತ್ತು ಕಲ್ಲುಹರಳು. ನಾವು ಕ್ಲೋರಿನ್ ಬೆರೆತ ನಲ್ಲಿನೀರಿನಿಂದ ನಾಶಮಾಡಿದ್ದು ಈ ನೆಲೆಯನ್ನೇ.

ಶೋಧಕದ ಆಯ್ಕೆ

ಮೊದಲು ತೊಟ್ಟಿಯ ಅಳತೆ ತಿಳಿದಿರಬೇಕು. 60 ಸೆಂ.ಮೀ. ಉದ್ದ, 30 ಸೆಂ.ಮೀ. ಅಗಲ, 30 ಸೆಂ.ಮೀ. ಎತ್ತರದ ತೊಟ್ಟಿಯು 54 ಲೀಟರು ಹಿಡಿಯುತ್ತದೆ. ಶೋಧಕವು ಗಂಟೆಗೆ ತೊಟ್ಟಿಯ ನೀರನ್ನು ನಾಲ್ಕೈದು ಬಾರಿ ಹಾಯಿಸಬೇಕೆಂಬುದು ಬಲ್ಲವರ ಸಾಮಾನ್ಯ ಲೆಕ್ಕ; ಎಂದರೆ ಗಂಟೆಗೆ 220ರಿಂದ 270 ಲೀಟರು. ಸ್ಪಂಜು ತುಂಬಿ ಕೊಳೆ ಕಟ್ಟಿದ ಮೇಲೆ ಹರಿವು ತಗ್ಗುವುದರಿಂದ ಪೆಟ್ಟಿಗೆಯ ಮೇಲಿನ ಸಂಖ್ಯೆ ತುಸು ಹೆಚ್ಚೇ ಇರಲಿ.

ಸ್ಪಂಜು ಶೋಧಕವು ಏರ್ ಪಂಪಿನಿಂದ ನಡೆಯುತ್ತದೆ. ಅಗ್ಗದ್ದು, ಸರಳವಾದದ್ದು, ಮರಿಮೀನುಗಳಿಗೂ ಸುರಕ್ಷಿತ. ವಿದ್ಯುತ್ತು ಪದೇ ಪದೇ ಹೋಗುವ ಊರುಗಳಲ್ಲಿ ಬ್ಯಾಟರಿಯ ಏರ್ ಪಂಪಿನಿಂದಲೂ ಇದನ್ನು ನಡೆಸಬಹುದಾದ್ದರಿಂದ ನಮ್ಮ ಮೊದಲ ಶಿಫಾರಸು ಇದಕ್ಕೇ. ತೊಟ್ಟಿಯ ಅಂಚಿಗೆ ತೂಗುಹಾಕುವ ಶೋಧಕವು ಶುಚಿಗೊಳಿಸಲು ಸುಲಭ. ಆದರೆ ವಿದ್ಯುತ್ತು ಮರಳಿದಾಗ ಕೆಲವು ನೀರನ್ನು ಎಳೆದುಕೊಳ್ಳದೆ ಬರಿದೇ ತಿರುಗಿ ಮೋಟಾರು ಸುಡುತ್ತವೆ. ತೊಟ್ಟಿಯ ಕೆಳಗಿಡುವ ಡಬ್ಬಿಯಾಕಾರದ ಕ್ಯಾನಿಸ್ಟರ್ ದೊಡ್ಡ ತೊಟ್ಟಿಗಳಿಗೆ ಯೋಗ್ಯ. ಅದರ ಮುಚ್ಚಿದ ಡಬ್ಬಿಯಲ್ಲಿ ಹಲವು ಗಂಟೆ ನೀರು ನಿಂತರೆ ಆಮ್ಲಜನಕವಿಲ್ಲದೆ ಬ್ಯಾಕ್ಟೀರಿಯಾ ಸಾಯುತ್ತವೆ. ದೀರ್ಘಕಾಲ ನಿಂತಿದ್ದರೆ ಡಬ್ಬಿಯ ನೀರನ್ನು ಚೆಲ್ಲಿ, ಸ್ಪಂಜನ್ನು ತೊಟ್ಟಿಯ ನೀರಿನಲ್ಲಿ ಜಾಲಿಸಿ ಆಮೇಲೆ ಚಾಲನೆ ಕೊಡಬೇಕು.

ಅಂಗಡಿಯಲ್ಲಿ ಇದ್ದಿಲಪುಡಿಯ ಚೀಲವನ್ನೂ ನೇರಳಾತೀತ ದೀಪವನ್ನೂ ಹೊಗಳಿ ಮಾರುವವರುಂಟು. ಸಂಸ್ಕರಿಸಿದ ಇದ್ದಿಲು ಬಣ್ಣ, ವಾಸನೆ, ಔಷಧದ ಶೇಷಗಳನ್ನು ಹೀರುತ್ತದೆ. ಕೆಲವು ವಾರಗಳಲ್ಲಿ ಅದರ ಶಕ್ತಿ ಕುಂದುತ್ತದೆ. ದೀಪವು ನೀರು ಹಸಿರಾಗುವುದನ್ನು ತಡೆಯುತ್ತದೆ. ಅಮೋನಿಯಾದ ವಿಷಯದಲ್ಲಿ ಇವೆರಡನ್ನೂ ನಂಬುವಂತಿಲ್ಲ. ಕುಡಿಯಲು ಬಳಸುವ ಆರ್.ಒ. ಯಂತ್ರದ ನೀರನ್ನೇ ತುಂಬಿಸುವುದೂ ತಪ್ಪು. ಅದರಲ್ಲಿ ಮೀನಿಗೆ ಬೇಕಾದ ಲವಣಗಳು ತೀರ ಕಡಿಮೆ. ಕೊಳವೆಬಾವಿಯ ನೀರು ಬಹಳ ಗಡುಸಾಗಿದ್ದರೆ ಅದರೊಡನೆ ಒಂದಿಷ್ಟು ಬೆರೆಸಬಹುದು.

ಅಳವಡಿಸುವ ಕ್ರಮ

54 ಲೀಟರು ನೀರೆಂದರೆ 54 ಕಿಲೋ ಭಾರ. ಗಾಜು ಮತ್ತು ಕಲ್ಲಿನ ತೂಕ ಬೇರೆ. ಆದ್ದರಿಂದ ಗಟ್ಟಿಯಾದ ಸಮತಟ್ಟು ಪೀಠ ಬೇಕು. ನೇರ ಬಿಸಿಲು ಬೀಳಬಾರದು. ಶೋಧಕದೊಳಗೆ ನೀರು ಮೊದಲು ಒರಟು ಸ್ಪಂಜನ್ನೂ, ಬಳಿಕ ಪಿಂಗಾಣಿ ಬಳೆಗಳನ್ನೂ ಹಾಯುವಂತೆ ಜೋಡಿಸಬೇಕು. ಏರ್ ಪಂಪನ್ನು ನೀರಿನ ಮಟ್ಟಕ್ಕಿಂತ ಮೇಲೆ ಇರಿಸಬೇಕು. ಇಲ್ಲವೇ ಕೊಳವೆಗೆ ನಾನ್-ರಿಟರ್ನ್ ವಾಲ್ವ್ ಹಾಕಬೇಕು. ಹಾಗೆ ಮಾಡದಿದ್ದರೆ ವಿದ್ಯುತ್ತು ಹೋದಾಗ ನೀರು ಹಿಮ್ಮುಖವಾಗಿ ಪಂಪಿಗೆ ನುಗ್ಗಬಹುದು. ವಿದ್ಯುತ್ ತಂತಿಯು ಪ್ಲಗ್ಗಿಗಿಂತ ಕೆಳಗೆ ಜೋತು ಬಂದು ಮೇಲೇರಲಿ. ತಂತಿಗುಂಟ ಇಳಿದ ಹನಿ ಅಲ್ಲಿಯೇ ಉದುರುತ್ತದೆ. ತೊಟ್ಟಿಗೆ ಕೈ ಹಾಕುವ ಮುನ್ನ ಸ್ವಿಚ್ಚು ಆರಿಸುವುದನ್ನು ಮಕ್ಕಳಿಗೆ ಕಲಿಸಿರಿ.

ನಲ್ಲಿನೀರನ್ನು ಅಗಲ ಬಾಯಿಯ ಪಾತ್ರೆಯಲ್ಲಿ ಒಂದು ದಿನ ತೆರೆದಿಟ್ಟರೆ ಕ್ಲೋರಿನ್ ಬಹುಮಟ್ಟಿಗೆ ಹೋಗುತ್ತದೆ. ಸೋಡಿಯಂ ಥಯೋಸಲ್ಫೇಟಿನ ದ್ರಾವಣವೂ ಅಂಗಡಿಗಳಲ್ಲಿ ಸಿಗುತ್ತದೆ. ಬಳಿಕ ಮೀನಿಲ್ಲದೆಯೇ ಶೋಧಕವನ್ನು ಹಗಲಿರುಳು ನಡೆಸಿ, ದಿನಕ್ಕೊಂದು ಚಿಟಿಕೆ ಮೀನಿನ ಆಹಾರ ಹಾಕುತ್ತಿರಬೇಕು. ಅದು ಕೊಳೆತು ಹುಟ್ಟುವ ಅಮೋನಿಯಾವೇ ಬ್ಯಾಕ್ಟೀರಿಯಾಗಳಿಗೆ ಅನ್ನ. ಸಾಮಾನ್ಯವಾಗಿ 4ರಿಂದ 6 ವಾರಗಳಲ್ಲಿ ಅವು ನೆಲೆಗೊಳ್ಳುತ್ತವೆ. ಪರಿಚಿತರ ಆರೋಗ್ಯವಂತ ತೊಟ್ಟಿಯಿಂದ ಹಳೆಯ ಸ್ಪಂಜಿನ ತುಂಡೊಂದನ್ನು ತಂದಿಟ್ಟರೆ, ಹಾಲಿಗೆ ಹೆಪ್ಪು ಹಾಕಿದಂತೆ, ಕೆಲಸ ಬೇಗ ಸಾಗುತ್ತದೆ. ಪರೀಕ್ಷಾ ದ್ರಾವಣದಲ್ಲಿ ಅಮೋನಿಯಾ ಮತ್ತು ನೈಟ್ರೈಟ್ ಎರಡೂ ಸೊನ್ನೆಯಾಗಿ ನೈಟ್ರೇಟ್ ಕಂಡ ಮೇಲೆ ಒಂದೆರಡು ಮೀನುಗಳನ್ನಷ್ಟೇ ಬಿಡಿರಿ. ಬಂಗಾರದ ಮೀನು ಬೆಳೆದಂತೆ ಬಹಳ ಮಲಿನ ಮಾಡುವ ಜೀವಿ. 54 ಲೀಟರಿನಲ್ಲಿ ನಾಲ್ಕನ್ನು ತುಂಬಿದ್ದು ನಮ್ಮ ಇನ್ನೊಂದು ತಪ್ಪು.

ಪಾಲನೆ

ವಾರಕ್ಕೊಮ್ಮೆ ಕಾಲುಭಾಗ ನೀರನ್ನು ಬದಲಿಸಿರಿ. ಪೂರ್ತಿ ಎಂದೂ ಬೇಡ. ಹರಿವು ತಗ್ಗಿದಾಗ ಮಾತ್ರ ಸ್ಪಂಜನ್ನು ಹಾಗೆ ತೆಗೆದ ನೀರಿನಲ್ಲಿಯೇ ಮೆಲ್ಲಗೆ ಹಿಂಡಿರಿ. ಕಂದುಬಣ್ಣ ಉಳಿದರೆ ಉಳಿಯಲಿ. ತೆಗೆದ ನೀರನ್ನು ಅಂಗಳದ ಪತ್ರಿಗಿಡಕ್ಕೆ ಹಾಕಿದರೆ ಅದರ ನೈಟ್ರೇಟ್ ಗಿಡಕ್ಕೆ ಗೊಬ್ಬರ. ರಾತ್ರಿ ಶೋಧಕವನ್ನು ನಿಲ್ಲಿಸಿ ವಿದ್ಯುತ್ತು ಉಳಿಸುವ ಯೋಚನೆ ಮಾಡದಿರಿ.

ಉಳಿದ ಒಂದು ಮೀನನ್ನು ಮೊಮ್ಮಗಳು ದಿನಬಿಟ್ಟು ದಿನ ಸ್ವಲ್ಪ ಸ್ವಲ್ಪ ನೀರು ಬದಲಿಸುತ್ತ ಉಳಿಸಿಕೊಂಡಳು. ಈಗಲೂ ನಾವು ಸ್ಪಂಜಿಗೆ ಕೈಹಾಕಿದರೆ “ಅಜ್ಜಾ, ನಲ್ಲಿ ಹತ್ತಿರ ಒಯ್ಯಬ್ಯಾಡ್ರಿ” ಎಂದು ಎಚ್ಚರಿಸುತ್ತಾಳೆ. ನಮ್ಮ ಕಣ್ಣಿಗೆ ಮಡಿಯಾಗಿ ಕಂಡದ್ದು ಆ ಮೂಕಜೀವಗಳಿಗೆ ಮೃತ್ಯುವಾಯಿತು. ಜೀವವನ್ನು ಮನೆಗೆ ತರುವ ಮುನ್ನ ಅದರ ನೀರಿನ ಗುಣವನ್ನು ಅರಿಯುವ ಆರು ವಾರಗಳ ತಾಳ್ಮೆ ನಮಗಿರಲಿ. ದಯೆಯ ಜೊತೆಗೆ ತಿಳಿವಳಿಕೆಯೂ ಬೇಕೆಂಬ ಪಾಠವನ್ನು ನಮಗೆ ಕಲಿಸಿದ್ದು ಮಗುವಿನ ಆ ಒಂದು ಪ್ರಶ್ನೆ.