ಯಾವ ಕೊಪ್ಪ?

ಕೇಳುವ ಮೊದಲೇ ದೊರೆಯುವ ವಸ್ತು ಈ ಲೋಕದಲ್ಲಿ ಯಾವುದಾದರೂ ಇದ್ದರೆ ಅದು ಸಲಹೆ. ತಲೆನೋವೆಂದು ಬಸ್ಸಿನಲ್ಲಿ ಒಬ್ಬನು ಹಣೆ ಒತ್ತಿಕೊಂಡರೆ ಸಾಕು, ಅಕ್ಕಪಕ್ಕದ ನಾಲ್ಕು ಮಂದಿ ಐದು ಔಷಧಿಗಳನ್ನು ಹೇಳಿ ಮುಗಿಸಿರುತ್ತಾರೆ. ಮಗನನ್ನು ಯಾವ ಕಾಲೇಜಿಗೆ ಸೇರಿಸಬೇಕು, ಬಾವಿಯನ್ನು ಎಲ್ಲಿ ತೋಡಬೇಕು, ಮುನಿದ ದಾಯಾದಿಯನ್ನು ಹೇಗೆ ಒಲಿಸಬೇಕು ಎಂಬ ಯಾವ ಪ್ರಶ್ನೆಗೂ ಉತ್ತರದ ಕೊರತೆಯಿಲ್ಲ. ಸಲಹೆಗೆ ಬೆಲೆಯಿಲ್ಲವೆಂಬ ಮಾತು ಕೊಡುವವನ ಪಾಲಿಗೆ ಮಾತ್ರ ಸತ್ಯ. ಅದನ್ನು ನಂಬಿ ನಡೆದವನು ತನ್ನ ಹೊಲದಿಂದಲೋ ಕೈಗಂಟಿನಿಂದಲೋ ಅದರ ಬೆಲೆಯನ್ನು ತೆರುತ್ತಾನೆ.

ಆದುದರಿಂದ ಸಲಹೆ ಕೊಡುವವನ ಮೊದಲ ಕೆಲಸ ಹೇಳುವುದಲ್ಲ, ಕೇಳುವುದು. ಇದಕ್ಕೆ ನಮ್ಮ ನಾಡಿನ ಭೂಪಟವೇ ಒಂದು ನಿದರ್ಶನವನ್ನು ಒದಗಿಸುತ್ತದೆ. ಕೊಪ್ಪ ಎಂಬ ಹೆಸರಿನ ಊರುಗಳು ಕರ್ನಾಟಕದಲ್ಲಿ ಒಂದಕ್ಕಿಂತ ಹೆಚ್ಚು. ಮಂಡ್ಯ ಜಿಲ್ಲೆಯ ಮದ್ದೂರು ತಾಲ್ಲೂಕಿನ ಕೊಪ್ಪ ಒಂದು ಹೋಬಳಿ. ಕಬ್ಬು, ಭತ್ತ, ರಾಗಿಗಳ ಬಯಲು ಸೀಮೆ ಅದು. ಚಿಕ್ಕಮಗಳೂರು ಜಿಲ್ಲೆಯ ಕೊಪ್ಪ ಒಂದು ತಾಲ್ಲೂಕು. ಅಡಕೆ, ಕಾಫಿಗಳ ಮಲೆನಾಡು. ಮೊದಲನೆಯದರ ಸೀಮೆಯಲ್ಲಿ ವರ್ಷಕ್ಕೆ ಬೀಳುವ ಮಳೆ ಸುಮಾರು 700 ಮಿಲಿಮೀಟರ್. ಎರಡನೆಯದರಲ್ಲಿ ಅದರ ಮೂರು ಪಟ್ಟಿಗೂ ಮೀರಿದ್ದು. "ನಾನು ಕೊಪ್ಪದವನು, ಬೆಳೆ ಕೆಡುತ್ತಿದೆ, ಏನು ಮಾಡಲಿ?" ಎಂದು ಒಬ್ಬನು ಕೇಳಿದನೆನ್ನಿ. "ಯಾವ ಕೊಪ್ಪ?" ಎಂದು ಮರುಪ್ರಶ್ನೆ ಹಾಕದೆ ಉತ್ತರಿಸುವವನು ಎಷ್ಟೇ ದೊಡ್ಡ ವಿದ್ವಾಂಸನಾಗಿರಲಿ, ಅವನ ಉತ್ತರ ಒಂದು ಊರಿಗೆ ಮದ್ದಾದರೆ ಇನ್ನೊಂದು ಊರಿಗೆ ಹೊರೆ.

ಈ ಎರಡೂ ಬಗೆಯ ನೆಲಗಳನ್ನು ಬಲ್ಲವರೊಬ್ಬರು ನಮ್ಮಲ್ಲಿದ್ದರು. ಕೆನಡಾ ದೇಶದ ಲೆಸ್ಲಿ ಕೋಲ್ಮನ್ ಅವರು 1908ರಲ್ಲಿ ಮೈಸೂರು ಸಂಸ್ಥಾನದ ಸೇವೆಗೆ ಬಂದಾಗ ಮಲೆನಾಡಿನ ಅಡಕೆ ತೋಟಗಳನ್ನು ಕೊಳೆರೋಗ ಕಾಡುತ್ತಿತ್ತು. ಮಳೆ ಹಿಡಿದ ತಿಂಗಳುಗಳಲ್ಲಿ ಎಳೆಯ ಕಾಯಿಗಳು ಕೊಳೆತು ಉದುರುತ್ತಿದ್ದುವು. ಗೊನೆಗೆ ನೀರು ತಾಕದಂತೆ ಕೊಟ್ಟೆ ಕಟ್ಟುವುದು ತೋಟಗಾರರು ತಲೆಮಾರುಗಳಿಂದ ಅನುಸರಿಸಿಕೊಂಡು ಬಂದ ಉಪಾಯ. ಆ ಉಪಾಯದ ಹಿಂದಿದ್ದ ತಿಳಿವು ಸರಿಯಾದದ್ದೇ. ತೇವದಲ್ಲಿ ಬೆಳೆಯುವ ಶಿಲೀಂಧ್ರವೇ ರೋಗಕ್ಕೆ ಕಾರಣ. ಫ್ರಾನ್ಸಿನ ದ್ರಾಕ್ಷಿ ತೋಟಗಳಲ್ಲಿ ಬಳಕೆಗೆ ಬಂದಿದ್ದ ಬೋರ್ಡೋ ದ್ರಾವಣವನ್ನು, ಎಂದರೆ ಮೈಲುತುತ್ತ ಮತ್ತು ಸುಣ್ಣದ ಮಿಶ್ರಣವನ್ನು, ಅಡಕೆಗೆ ಸಿಂಪಡಿಸುವ ಕ್ರಮವನ್ನು ಕೋಲ್ಮನ್ ಬಳಕೆಗೆ ತಂದರು. 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ, 100 ಲೀಟರು ನೀರು ಎಂಬ ಲೆಕ್ಕ ಇಂದಿಗೂ ಮಲೆನಾಡಿನ ಮಕ್ಕಳಿಗೂ ಬಾಯಿಪಾಠ. ಆ ಸಲಹೆ ಶತಮಾನವನ್ನು ದಾಟಿಯೂ ಬಾಳಿರುವುದೇಕೆ? ಅದು ತೋಟಗಾರನ ಕಷ್ಟವಿದ್ದ ಸ್ಥಳಕ್ಕೇ, ಮಳೆ ಮತ್ತು ಗೊನೆ ಕೂಡುವ ಹೊತ್ತಿಗೇ, ಹೊಂದಿಕೊಂಡಿತು.

ಅದೇ ಕೋಲ್ಮನ್ ಮುಂದೆ ಕೃಷಿ ಇಲಾಖೆಯ ನಿರ್ದೇಶಕರಾಗಿ ಬಯಲು ಸೀಮೆಯ ಕಡೆಗೆ ತಿರುಗಿದರು. ಕೃಷ್ಣರಾಜಸಾಗರದ ನೀರು ಕಾಲುವೆಯಲ್ಲಿ ಹರಿದು, 1933ರಲ್ಲಿ ಮಂಡ್ಯದಲ್ಲಿ ಸಕ್ಕರೆ ಕಾರ್ಖಾನೆ ಪ್ರಾರಂಭವಾದುದರಲ್ಲಿ ಅವರ ಶ್ರಮ ದೊಡ್ಡದು. ಮಳೆಯನ್ನು ನಂಬಿ ಬೆಳೆಯುತ್ತಿದ್ದ ಜಿಲ್ಲೆಯ ರೈತನಿಗೆ ಹೊಸ ಬೆಳೆಯೊಡನೆ ಹೊಸ ಪ್ರಶ್ನೆಗಳೂ ಬಂದುವು. ಮಂಡ್ಯದ ವಿ.ಸಿ. ಫಾರಂ ಆ ಪ್ರಶ್ನೆಗಳಿಗೆ ಉತ್ತರ ಹುಡುಕುವ ಸ್ಥಳವಾಯಿತು. ಆದರೆ ಎಲ್ಲರ ಹೊಲಕ್ಕೂ ಕಾಲುವೆಯ ನೀರಿಲ್ಲ; ನೀರಿಲ್ಲದವನಿಗೆ ಕಬ್ಬಿನ ಉಪದೇಶವೇಕೆ? ಲಕ್ಷ್ಮಣಯ್ಯನವರು ಅಲ್ಲಿಯೇ ಭಾರತದ ರಾಗಿಯನ್ನೂ ಆಫ್ರಿಕದ ರಾಗಿಯನ್ನೂ ಕೂಡಿಸಿ ಇಂಡಾಫ್ ತಳಿಗಳನ್ನು ಸೃಷ್ಟಿಸಿದರು. ಜನ ಅವರನ್ನು ರಾಗಿ ಲಕ್ಷ್ಮಣಯ್ಯನೆಂದೇ ಕರೆದರು. ಅದು ಖುಷ್ಕಿಯ ರೈತನಿಗೂ ದೊರೆತ ಉತ್ತರ.

ಕಬ್ಬು ಸುಮಾರು ಒಂದು ವರ್ಷ ನೆಲದಲ್ಲಿ ನಿಲ್ಲುವ ಬೆಳೆ. ಬಿತ್ತನೆಯ ದಿನ ಪಡೆದ ತಪ್ಪು ಸಲಹೆಯ ಫಲ ಕಟಾವಿನ ದಿನ ತಿಳಿಯುತ್ತದೆ; ಅಷ್ಟರಲ್ಲಿ ವರ್ಷವೊಂದು ಕೈಬಿಟ್ಟಿರುತ್ತದೆ. ಆದುದರಿಂದ ಮದ್ದೂರು ಸೀಮೆಯ ಕೊಪ್ಪದಲ್ಲಿ ಕಬ್ಬು ಹಾಕಲೇ ಎಂದು ಕೇಳುವವನಿಗೆ ಬಲ್ಲವನು ಕೇಳಬೇಕಾದ ಪ್ರಶ್ನೆಗಳುಂಟು: ನೀರು ಎಷ್ಟು ತಿಂಗಳು? ಮಣ್ಣು ಎಂಥದು? ಹೊಸ ನಾಟಿಯೋ, ಕೂಳೆಯೋ? ಕಟಾವಿಗೆ ಆಳು ಸಿಕ್ಕುವರೇ? ಕಾರ್ಖಾನೆಯ ಹಣ ಬರುವತನಕ ಮನೆ ನಡೆಯುವುದೇ? ಕೊನೆಯ ಪ್ರಶ್ನೆ ಕೃಷಿಶಾಸ್ತ್ರದ ಪುಸ್ತಕದಲ್ಲಿಲ್ಲ. ಆದರೆ ಅನೇಕ ವೇಳೆ ಮಿಕ್ಕೆಲ್ಲವನ್ನೂ ನಿರ್ಧರಿಸುವುದು ಅದೇ.

ಇಲ್ಲಿಯೇ ತೊಡಕಿರುವುದು. ಎಲೆಗೆ ಬಂದ ರೋಗವನ್ನು ಅರಳಿಕಟ್ಟೆಯಲ್ಲಿ ಕುಳಿತು ಕೇಳಬಹುದು. ಮನೆಗೆ ಬಂದ ಕಷ್ಟವನ್ನು ಕೇಳಲಾಗದು. ಹೆಣ್ಣುಮಕ್ಕಳಿಗೆ ಈ ಸಂಕಟ ಹಳೆಯದು. ಬಸಿರು, ಬಾಣಂತನ, ದಾಂಪತ್ಯಗಳ ಪ್ರಶ್ನೆಗಳನ್ನು ಅವರು ಯಾರ ಮುಂದೆ ಇಡಬೇಕಿತ್ತು? ವೈದ್ಯೆಯೂ ಕಾದಂಬರಿಕಾರ್ತಿಯೂ ಆಗಿದ್ದ ಅನುಪಮಾ ನಿರಂಜನ ಅವರು 'ತಾಯಿ-ಮಗು', 'ವಧುವಿಗೆ ಕಿವಿಮಾತು' ಮೊದಲಾದ ಪುಸ್ತಕಗಳನ್ನು ಬರೆದದ್ದು ಈ ಬಾಯಿಗೆ ಬಾರದ ಪ್ರಶ್ನೆಗಳಿಗಾಗಿಯೇ. ಕಿವಿಮಾತೆಂಬ ಆ ಹೆಸರು ಎಷ್ಟು ಸೊಗಸಾದುದು! ಹತ್ತಿರ ಬಂದು, ಮೂರನೆಯವರಿಗೆ ಕೇಳದಂತೆ ಹೇಳಿದಾಗ ಮಾತ್ರ ಕೆಲವು ಸಲಹೆಗಳು ಮನಸ್ಸಿಗೆ ಇಳಿಯುತ್ತವೆ.

ಗಂಡಸಿನ ಬಾಯಿ ಕಟ್ಟುವುದು ಸಾಲ. 2015ರಲ್ಲಿ ಮಂಡ್ಯ ಜಿಲ್ಲೆಯ ಕಬ್ಬು ಬೆಳೆಗಾರರ ಆತ್ಮಹತ್ಯೆಯ ಸುದ್ದಿಗಳು ನಾಡನ್ನೇ ನಡುಗಿಸಿದುವು. ಬೆಲೆ, ಬಾಕಿ, ಬಡ್ಡಿ, ಬರಿದಾದ ಕೊಳವೆಬಾವಿ, ಇವುಗಳಿಗೆ ಸಲಹೆಯೊಂದೇ ಪರಿಹಾರವೆಂದು ಹೇಳುವುದು ನೊಂದವರಿಗೆ ಮಾಡುವ ಅವಮಾನ. ಆದರೆ ಕಷ್ಟ ಬಂದಾಗ ಬೇರೊಬ್ಬರನ್ನು ಕೇಳುವುದು ಮಾನಗೇಡೆಂಬ ಭಾವನೆ ಆ ಹೊರೆಯನ್ನು ಇಮ್ಮಡಿಗೊಳಿಸುತ್ತದೆಂಬುದನ್ನು ನಾವು ಮನಗಾಣಬೇಕು.

ಕೇಳುವುದಕ್ಕೆ ಇಂದು ಬಾಗಿಲುಗಳಿಲ್ಲದೆ ಇಲ್ಲ. ಬೆಳೆಯ ವಿಷಯಕ್ಕೆ ಹೋಬಳಿಯ ರೈತ ಸಂಪರ್ಕ ಕೇಂದ್ರವುಂಟು. 2004ರಲ್ಲಿ ಪ್ರಾರಂಭವಾದ ಕಿಸಾನ್ ಕಾಲ್ ಸೆಂಟರಿನ 1800-180-1551 ಸಂಖ್ಯೆಯಲ್ಲಿ ಕನ್ನಡದಲ್ಲಿಯೇ ಮಾತನಾಡಬಹುದು. ಜಮೀನಿನ ವ್ಯಾಜ್ಯಕ್ಕೂ ಸಾಲಗಾರರ ಕಿರುಕುಳಕ್ಕೂ 1987ರ ಕಾನೂನು ಸೇವೆಗಳ ಅಧಿನಿಯಮದಂತೆ ತಾಲ್ಲೂಕು ಮಟ್ಟದಲ್ಲಿ ಸಮಿತಿಗಳಿವೆ. ಹೆಂಗಸರಿಗೂ ಪರಿಶಿಷ್ಟ ಜಾತಿ, ಪಂಗಡದವರಿಗೂ ವರಮಾನದ ಲೆಕ್ಕವಿಲ್ಲದೆ ಉಚಿತ ನೆರವು ದೊರೆಯುತ್ತದೆ. ಮನಸ್ಸು ಮುರಿದವರಿಗಾಗಿ 2022ರಲ್ಲಿ ಟೆಲಿ ಮಾನಸ್ ಎಂಬ ದೂರವಾಣಿ ಸೇವೆ ಪ್ರಾರಂಭವಾಯಿತು. ಅದರ ಸಂಖ್ಯೆ 14416. ಈ ಸಂಖ್ಯೆಗಳನ್ನು ಶಾಲೆಯ ಗೋಡೆಯ ಮೇಲೆ, ಡೇರಿಯ ಬಾಗಿಲಿನ ಬಳಿ ಬರೆಸುವುದು ಅಧ್ಯಾಪಕರಿಗೂ ವಿದ್ಯಾರ್ಥಿಗಳಿಗೂ ಕಷ್ಟದ ಕೆಲಸವಲ್ಲ.

ಆದರೂ ಸಂಖ್ಯೆ ಒತ್ತುವ ಮೊದಲು ಮನುಷ್ಯನು ನೆರೆಯವನ ಮುಖ ನೋಡುತ್ತಾನೆ. ಹೇಳುವುದು ಆಚಾರ, ತಿನ್ನುವುದು ಬದನೆಕಾಯಿ ಎಂಬ ಗಾದೆ ಉಪದೇಶಿಗಳನ್ನು ಹಾಸ್ಯ ಮಾಡಿದೆ. ಒಳ್ಳೆಯ ನೆರೆಯವನು ಉಪದೇಶಿಯಲ್ಲ. ಅವನು ತಾಳ್ಮೆಯಿಂದ ಕೇಳುತ್ತಾನೆ. ತಾನು ಮಾಡಿ ನೋಡಿದ್ದನ್ನು ಮಾತ್ರ ಹೇಳುತ್ತಾನೆ. ತನಗೆ ತಿಳಿಯದುದಕ್ಕೆ ತಿಳಿದವರ ಬಳಿ ಜೊತೆಯಲ್ಲಿಯೇ ಹೋಗುತ್ತಾನೆ. ಹದಿನೈದು ದಿನಗಳ ನಂತರ ಬೇಲಿಯ ಬಳಿ ನಿಂತು, "ಏನಾಯಿತಪ್ಪ?" ಎಂದು ಮತ್ತೆ ವಿಚಾರಿಸುತ್ತಾನೆ. ಯಾವ ಕೊಪ್ಪದಲ್ಲಿಯಾದರೂ ಸರಿ, ಆ ಎರಡನೆಯ ವಿಚಾರಣೆಯಿಂದಲೇ ಕೊಟ್ಟ ಸಲಹೆ ಪೂರ್ಣವಾಗುತ್ತದೆ.